ಕಂಬಗಳ ಕಾಡಿನಿಂದ ಒಂದು ಊರನ್ನು ಬಿಡಿಸಿ ತೆಗೆಯುವುದು

ಫೆಬ್ರವರಿ 12, 2025, ಬುಧವಾರ

1853–54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ತೀರಾ ಕೆಳಗಿಳಿಯಿತು. ಓಬರ್‌ಮೈಲೆನ್ ಊರಿನ ದಂಡೆಯಲ್ಲಿ ಕೆಸರಿನೊಳಗಿಂದ ಇತಿಹಾಸಪೂರ್ವ ಕಾಲದ ನೂರಾರು ಮರದ ಕಂಬಗಳ ತಲೆಗಳು ಕಾಣಿಸಿಕೊಂಡವು. ಅವುಗಳ ಬಗ್ಗೆ ಬರೆದ ಪುರಾತತ್ವಜ್ಞ ಫರ್ಡಿನಾಂಡ್ ಕೆಲ್ಲರ್, ನೀರಿನ ಮೇಲೆ ಒಂದು ದೊಡ್ಡ ಅಟ್ಟ, ಅಟ್ಟದ ಮೇಲೆ ಇಡೀ ಊರು ಎಂದು ಚಿತ್ರ ಕಟ್ಟಿಕೊಟ್ಟರು. ನ್ಯೂಗಿನಿಯ ನೀರಮೇಲಿನ ಮನೆಗಳ ಚಿತ್ರಗಳು ಅದಕ್ಕೆ ಮಾದರಿ. ಕಲ್ಪನೆ ಎಷ್ಟು ಚೆಂದವಿತ್ತೆಂದರೆ ಅದು ಸುಮಾರು ನೂರು ವರ್ಷ ಅಲುಗಲಿಲ್ಲ.

ಎಡವಟ್ಟಾದದ್ದು ಒಂದು ಸರಳ ಜಾಗದಲ್ಲಿ. ಒಂದೇ ದಂಡೆಯಲ್ಲಿ ಊರು ಕಟ್ಟಿದ್ದಾರೆ, ಬಿಟ್ಟಿದ್ದಾರೆ, ಎಷ್ಟೋ ಕಾಲದ ಮೇಲೆ ಬೇರೆಯವರು ಬಂದು ಮತ್ತೆ ಕಟ್ಟಿದ್ದಾರೆ. ಹಳೆಯ ಕಂಬ, ಹೊಸ ಕಂಬ ಎಲ್ಲ ಒಟ್ಟಿಗೇ ಉಳಿದಿವೆ. ಮೇಲಿನಿಂದ ನೋಡಿದವರಿಗೆ ಒತ್ತೊತ್ತಾಗಿ ನಿಂತ ಒಂದೇ ಕಾಡು. ಇಷ್ಟು ಕಂಬ ಬೇಕಿದ್ದರೆ ದೊಡ್ಡ ಅಟ್ಟವೇ ಇದ್ದಿರಬೇಕು ಎನ್ನಿಸುವುದು ಸಹಜ.

ಈ ಕಾಡನ್ನು ಬಿಡಿಸುವ ಕೆಲಸ ಕಂಬದಿಂದ ಕಂಬಕ್ಕೆ ನಡೆಯುತ್ತದೆ. ಮುಳುಗುಗಾರರು ಇಳಿಯುವುದು ಹೆಚ್ಚಾಗಿ ಚಳಿಗಾಲದಲ್ಲಿ. ಆಗ ಪಾಚಿ ಕಡಿಮೆ, ನೀರು ತಿಳಿ, ದೋಣಿಗಳ ಕಾಟವೂ ಇಲ್ಲ. ಪ್ರತಿ ಕಂಬಕ್ಕೂ ಸಂಖ್ಯೆ ಕೊಟ್ಟು, ಇದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಕೆಲವು ಸೆಂಟಿಮೀಟರ್ ದಪ್ಪದ ಬಿಲ್ಲೆಯೊಂದನ್ನು ಗರಗಸದಿಂದ ಕೊಯ್ದು ತರುತ್ತಾರೆ. ಒದ್ದೆ ಮರ ಮೆತ್ತಗಿರುವುದರಿಂದ ಬಿಲ್ಲೆಯ ಮೈಯನ್ನು ಬ್ಲೇಡಿನಿಂದಲೇ ನಯ ಮಾಡಬಹುದು. ಬಳಿಕ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ವಾರ್ಷಿಕ ಉಂಗುರದ ಅಗಲವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಮಳೆ ಚೆನ್ನಾದ ವರ್ಷ ಅಗಲ, ಬರ ಬಿದ್ದ ವರ್ಷ ಕಿರಿದು. ಈ ಏರಿಳಿತದ ರೇಖೆಯನ್ನು, ಹಲವು ಮರಗಳ ಉಂಗುರಗಳನ್ನು ಇಂದಿನಿಂದ ಹಿಂದಕ್ಕೆ ಕೊಂಡಿಹಾಕಿ ಕಟ್ಟಿದ ಮೂಲರೇಖೆಯ ಪಕ್ಕ ಇಟ್ಟು ಸರಿಸುತ್ತ ಹೋದರೆ, ಒಂದೇ ಜಾಗದಲ್ಲಿ ಅದು ಕಚ್ಚಿಕೊಳ್ಳಬೇಕು.

ಬೇಕು ಎನ್ನುವುದು ಸುಲಭ. ಐವತ್ತಕ್ಕಿಂತ ಕಡಿಮೆ ಉಂಗುರವಿದ್ದರೆ ಅದು ಹತ್ತು ಕಡೆ ಕಚ್ಚಿಕೊಳ್ಳುತ್ತದೆ, ಯಾವುದನ್ನೂ ನಂಬುವಂತಿಲ್ಲ. ತೆಳ್ಳಗಿನ ಎಳೆಯ ಮರಗಳನ್ನೇ ಕಡಿದು ನೆಟ್ಟಿದ್ದರಿಂದ ಇದು ದಿನನಿತ್ಯದ ತಲೆನೋವು. ಕಡಿದ ವರ್ಷ ಗೊತ್ತಾಗಬೇಕಾದರೆ ತೊಗಟೆಗೆ ತಾಗಿದ ಕೊನೆಯ ಉಂಗುರ ಉಳಿದಿರಲೇಬೇಕು. ಅದು ಪೂರ್ತಿ ಬೆಳೆದಿದ್ದರೆ ಚಳಿಗಾಲದಲ್ಲಿ ಕಡಿದದ್ದು, ಬರೀ ಆರಂಭದ ಪದರವಿದ್ದರೆ ವಸಂತದಲ್ಲಿ. ಓಕ್ ಮರದ ಹೊರಗಿನ ಬಿಳಿ ಭಾಗ ಸವೆದಿದ್ದರೆ ಸುಮಾರು ಇಪ್ಪತ್ತು ಉಂಗುರ, ಹತ್ತು ಹೆಚ್ಚುಕಡಿಮೆ, ಎಂದು ಅಂದಾಜು ಕಟ್ಟುವುದಷ್ಟೇ. ಹಳೇ ಮನೆಯ ಕಂಬವನ್ನು ಕಿತ್ತು ಹೊಸ ಮನೆಗೆ ನೆಟ್ಟಿದ್ದರೆ ವರ್ಷ ಸರಿ, ಮನೆ ತಪ್ಪು! ಆದ್ದರಿಂದ ಒಂಟಿ ಕಂಬದ ಮಾತನ್ನು ಯಾರೂ ನೆಚ್ಚುವುದಿಲ್ಲ. ಒಂದೇ ವರ್ಷ ಕಡಿದ ಕಂಬಗಳಿಗೆ ನಕ್ಷೆಯಲ್ಲಿ ಒಂದೇ ಬಣ್ಣ ಬಳಿದಾಗ ಆಯತಾಕಾರ ಮೂಡಿದರೆ, ಅದು ಮನೆ.

ಕಾನ್‌ಸ್ಟನ್ಸ್ ಸರೋವರದ ದಂಡೆಯ ಆರ್ಬೋನ್ ಬ್ಲೈಕೆ 3 ಎಂಬ ನೆಲೆಯನ್ನು ಹೀಗೇ ಬಿಡಿಸಿದ್ದು. ಮೊದಲ ಮರ ಕಡಿದದ್ದು ಕ್ರಿ.ಪೂ. 3384ರಲ್ಲಿ, ಕೊನೆಯದು 3370ರಲ್ಲಿ. ಆಮೇಲೆ ಬೆಂಕಿ. ಹದಿನೈದು ವರ್ಷ, ಅಷ್ಟೇ ಆ ಊರಿನ ಆಯಸ್ಸು. ಮರದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಅಂದಾಜಿಸುವ ರೇಡಿಯೋಕಾರ್ಬನ್ ವಿಧಾನ ಒಂದನ್ನೇ ನಂಬಿದ್ದರೆ ಇಂಥ ಊರು ಶತಮಾನದ ಅಗಲದ ಮಸುಕಿನಲ್ಲಿ ಕರಗಿಹೋಗುತ್ತಿತ್ತು.

ಬರೀ ಹದಿನೈದು ವರ್ಷವಾದದ್ದೇ ಒಳ್ಳೆಯದಾಯಿತು, ಕಸ ಕಲಬೆರಕೆಯಾಗಿಲ್ಲ. ಗಾಳಿಯಾಡದ ಒದ್ದೆ ಕೆಸರಿನಲ್ಲಿ ಶಿಲೀಂಧ್ರ ಬದುಕುವುದಿಲ್ಲ; ಹಾಗಾಗಿ ಮರ, ಅಗಸೆ ನಾರಿನ ಬಟ್ಟೆ, ಗಸಗಸೆ, ಕಾಡು ಸೇಬಿನ ಹೋಳು ಎಲ್ಲ ಇಂಥ ನೆಲೆಗಳಲ್ಲಿ ಉಳಿದಿವೆ. ಬೀಜ ಹುಡುಕುವವರು ಮಣ್ಣನ್ನು ನೀರಿನಲ್ಲಿ ಕಲಸಿ ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಯವರೆಗೂ ಹಾಯಿಸಬೇಕು. ದೊಡ್ಡ ಕಣ್ಣಿನದಾದರೆ ಗಸಗಸೆ, ಸ್ಟ್ರಾಬೆರಿ ಬೀಜ ನೀರಿನ ಜೊತೆ ಹೊರಟುಹೋಗುತ್ತವೆ. ಎಮ್ಮರ್ ಗೋಧಿಯ ಹೊಟ್ಟು ಧಾರಾಳ ಸಿಗುತ್ತದೆ. ಉತ್ತರ ಕರ್ನಾಟಕದಲ್ಲಿ ಸದಕ ಎನ್ನುವ ಗೋಧಿಯೂ ಇದೇ ಜಾತಿ. ಕಾಳಿಗೆ ಅಂಟಿದ ಹೊಟ್ಟು ಕುಟ್ಟದೆ ಬಿಡುವುದಿಲ್ಲ ಎಂಬುದು ಅಲ್ಲಿನ ಮನೆಗಳಿಗೆ ಗೊತ್ತು. ಆರ್ಬೋನ್‌ನ ಮಲದ ಉಳಿಕೆಯಲ್ಲಿ ಮೀನಿನ ಲಾಡಿಹುಳದ ಮೊಟ್ಟೆಗಳೂ ಸಿಕ್ಕಿವೆ. ಮೀನನ್ನು ಸರಿಯಾಗಿ ಬೇಯಿಸದೆ ತಿನ್ನುತ್ತಿದ್ದರು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಕರ್ನಾಟಕದಲ್ಲೇ ಇರುವ ನಮ್ಮ ಬ್ರಹ್ಮಗಿರಿ, ತೆಕ್ಕಲಕೋಟೆಗಳಂಥ ನವಶಿಲಾಯುಗದ ನೆಲೆಗಳಲ್ಲಿ ಕಂಬ ಕೊಳೆತುಹೋಗಿ ನೆಟ್ಟ ಗುಂಡಿಯಷ್ಟೇ ಉಳಿದಿದೆ. ಗುಂಡಿಗೆ ಉಂಗುರವಿಲ್ಲ.

ಮನೆಗಳು ನೀರಿನ ಮೇಲೋ ನೆಲದ ಮೇಲೋ ಎಂಬ ಹಳೇ ಜಗಳಕ್ಕೆ ಒಂದೇ ಉತ್ತರವಿಲ್ಲ. 1950ರ ದಶಕದಲ್ಲಿ ಪುರಾತತ್ವಜ್ಞ ಎಮಿಲ್ ಫೋಗ್ಟ್ ಸ್ವಿಟ್ಜರ್ಲೆಂಡಿನ ಎಗೊಲ್ಸ್‌ವಿಲ್‌ನಲ್ಲಿ ಮನೆಗಳು ಒದ್ದೆ ನೆಲದ ಮೇಲೇ ಇದ್ದವು ಎಂದು ತೋರಿಸಿದರು. ಇಟಲಿಯ ಫಿಯಾವೆಯಲ್ಲಿ ನಿಜವಾಗಿಯೂ ನೀರಿನೊಳಗೆ ಉದ್ದುದ್ದ ಕಂಬ ನೆಟ್ಟಿದ್ದಾರೆ. ಮೆತ್ತನೆ ಕೆಸರಿನಲ್ಲಿ ಕಂಬ ಹೂತುಹೋಗುವುದೇ ದೊಡ್ಡ ತೊಂದರೆ, ಅದಕ್ಕೆ ಕೆಲವೆಡೆ ತೂತು ಕೊರೆದ ಹಲಗೆಗೆ ಕಂಬ ತೂರಿಸಿ ಭಾರ ಹಂಚಿದ್ದಾರೆ. ಚಕ್ಕಡಿಯ ಗಾಲಿಗೆ ಪಟ್ಟಿ ಹೊಡೆದಷ್ಟೇ ಸರಳ ಉಪಾಯ.

ಮೂಲರೇಖೆಯೇ ಇಲ್ಲದ ಕಡೆ? ಗ್ರೀಸಿನ ಒರೆಸ್ತಿಯಾದಾ ಸರೋವರದ ಡಿಸ್ಪಿಲಿಯೊದಲ್ಲಿ ಇದೇ ಪೇಚು. ಬರ್ನ್ ವಿಶ್ವವಿದ್ಯಾಲಯದ ತಂಡ 787 ಮರದ ತುಂಡುಗಳನ್ನು ಅಳೆದು 303 ವರ್ಷದ ರೇಖೆ ಕಟ್ಟಿತು, ಆದರೆ ಅದು ಯಾವ ಕಾಲಕ್ಕೂ ಅಂಟದೆ ತೇಲುತ್ತಿತ್ತು. ಕ್ರಿ.ಪೂ. 5259ರಲ್ಲಿ ವಾತಾವರಣದ ರೇಡಿಯೋಕಾರ್ಬನ್ ಒಮ್ಮೆಲೇ ಏರಿತ್ತು. ಆ ಏರಿಕೆಯನ್ನು ಒಂದೊಂದೇ ಉಂಗುರದಲ್ಲಿ ಹುಡುಕಿ, ಸಿಕ್ಕ ಉಂಗುರಕ್ಕೆ ಆ ವರ್ಷ ಬರೆದು, ಮುಂದಕ್ಕೆ ಎಣಿಸಿದರು. ರೇಖೆ ಮುಗಿಯುವುದು ಕ್ರಿ.ಪೂ. 5140ಕ್ಕೆ. 2024ರಲ್ಲಿ ಪ್ರಕಟವಾಯಿತು.

ಅಳತೆ ಮುಗಿದ ಬಿಲ್ಲೆಯನ್ನು ಮೇಜಿನ ಮೇಲೆ ಮರೆತರೆ ನೀರಾರಿ, ಜೀವಕೋಶ ಕುಸಿದು, ಸೀಳಿ ಮುರುಟಿಕೊಳ್ಳುತ್ತದೆ. ಮರು ಅಳತೆ ಸಾಧ್ಯವಿಲ್ಲ. ಒದ್ದೆಯಾಗಿಯೇ ಚೀಲದಲ್ಲಿ ಕಟ್ಟಿ, ಕಂಬದ ಸಂಖ್ಯೆ ಬರೆದ ಪ್ಲಾಸ್ಟಿಕ್ ಚೀಟಿಯನ್ನು ಒಳಗೂ ಒಂದು, ಹೊರಗೂ ಒಂದು ಹಾಕಬೇಕು.