ಅಪ್ಪ ಕಣ್ಣಲ್ಲೇ ತೂಗಿದ ನಾಣ್ಯ

ಅಪ್ಪ ನಲವತ್ತು ವರ್ಷ ಅಕ್ಕಸಾಲಿ ಕೆಲಸ ಮಾಡಿದವರು. ಫ್ಲೋರಿಡಾಕ್ಕೆ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ಡಿಸ್ನಿ ತೋರಿಸಿದೆ, ಆಕಳಿಸಿದರು. ಕೊನೆಗೆ ಸೆಬಾಸ್ಟಿಯನ್ ಊರಿನ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಆ ಕಡೆಯ ಕರಾವಳಿಗೆ ಟ್ರೆಷರ್ ಕೋಸ್ಟ್ ಅಂತಲೇ ಹೆಸರು. 1715ರ ಜುಲೈನಲ್ಲಿ ಚಿನ್ನ ಬೆಳ್ಳಿ ತುಂಬಿಕೊಂಡು ಕ್ಯೂಬಾದ ಹವಾನಾದಿಂದ ಸ್ಪೇನಿಗೆ ಹೊರಟಿದ್ದ 11 ಹಡಗುಗಳು ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ್ದು ಅಲ್ಲೇ.

ಗಾಜಿನ ಪೆಟ್ಟಿಗೆಯೊಳಗೆ ಎಂಟು ಎಸ್ಕುಡೋದ ಒಂದು ಚಿನ್ನದ ನಾಣ್ಯ. ಎಸ್ಕುಡೋ ಅಂದರೆ ಆಗಿನ ಸ್ಪೇನಿನ ಹಣ. ಪೆರುವಿನ ಲಿಮಾ ಟಂಕಸಾಲೆಯದು. ಎರಡು ಕಂಬ, ಕೆಳಗೆ ಸಮುದ್ರದ ಅಲೆ, ನಡುವೆ 712 ಅಂತ ಅಂಕಿ. 1712 ಅಂತ ಓದಿಕೊಳ್ಳಬೇಕು. ದುಂಡಗಿಲ್ಲ, ಯಾರೋ ಕಚ್ಚಿಬಿಟ್ಟ ನಿಪ್ಪಟ್ಟಿನ ಹಾಗಿತ್ತು. ಬೆಳ್ಳಿ ನಾಣ್ಯಗಳು ಉಪ್ಪುನೀರಿಗೆ ಕಪ್ಪಾಗಿದ್ದವು. ಇದು ಮಾತ್ರ ನಿನ್ನೆ ತಿಕ್ಕಿ ಇಟ್ಟ ಹಾಗೆ.

"ಒಂದು ಕಡೆ ಮುರಿದುಹೋಗಿದೆ" ಅಂದೆ.

"ಮುರಿದಿಲ್ಲ ಕಣೋ, ಕತ್ತರಿ ಹಾಕಿದ್ದಾರೆ. ಅಂಚು ನೋಡು, ನೇರವಾಗಿ ಹೋಗಿದೆ. ತೂಕ ಜಾಸ್ತಿ ಬಂದಿತ್ತು, ಅಷ್ಟು ತೆಗೆದರು. ಹೊಡೆಯುವಾಗ ಅಚ್ಚು ಬೇರೆ ಜರುಗಿದೆ." ಕೈಕಟ್ಟಿಕೊಂಡು ಬಗ್ಗಿ, "ಎರಡೂಕಾಲು ತೊಲ ಇದ್ದೀತು" ಅಂದರು.

ಆಮೇಲೆ ಫಲಕ ಓದಿದೆ. ಸುಮಾರು 27 ಗ್ರಾಂ! ಚಿನ್ನದ ಗಟ್ಟಿಯಿಂದ ತುಂಡು ಮಾಡಿ, ಅಂಚು ಕತ್ತರಿಸಿ ತೂಕ ಸರಿಮಾಡಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರಂತೆ. ಆಕಾರ ಯಾರಿಗೂ ಬೇಕಿರಲಿಲ್ಲ.

22 ಕ್ಯಾರೆಟ್ ಅಂದಾಗ ಅಪ್ಪ ಗಾಜಿಗೆ ಇನ್ನೂ ಹತ್ತಿರ ಬಂದರು. "ನಮ್ಮ ಒಡವೆ ಚಿನ್ನವೇ ಹಂಗಾದ್ರೆ. ಒಂದು ಕೊಂಡಿ ಬೆಸೆದರೆ ಪದಕ ಆಗುತ್ತೆ."

ಇಂಥ ಅಪರೂಪದ ನಾಣ್ಯಕ್ಕೆ ಬೆಸುಗೆ ತಾಗಿದರೆ ಬೆಲೆ ಬಿದ್ದುಹೋಗುತ್ತೆ ಅಂದೆ. ಸುಮ್ನೆ ಇರಬೇಕಿತ್ತು. ಅಜ್ಜಿಯ ಹಳೇ ಪವನುಗಳಿಗೆಲ್ಲ ಕೊಂಡಿ ಬೆಸೆದು ಅಮ್ಮನಿಗೆ ಕಾಸಿನ ಸರ ಮಾಡಿಕೊಟ್ಟವರು ಇವರೇ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಮ್ಮ ಅದನ್ನ ಹಾಕ್ಕೊಂಡಳಲ್ವಾ" ಅಂದರು. ನಾನು ಮಾತಾಡಲಿಲ್ಲ.

ಅಲ್ಲಿಂದ ಬೀಚಿಗೆ ಹೋದೆವು. ಬಿರುಗಾಳಿ ಬಂದುಹೋದ ಮೇಲೆ ಇಲ್ಲಿ ಈಗಲೂ ಒಂದೊಂದು ನಾಣ್ಯ ದಡಕ್ಕೆ ಬೀಳುವುದುಂಟು. ಒಬ್ಬ ಮುದುಕ ಹೆಡ್‌ಫೋನ್ ಹಾಕಿಕೊಂಡು, ಮೆಟಲ್ ಡಿಟೆಕ್ಟರ್ ಹಿಡಿದು ಒದ್ದೆ ಮರಳಲ್ಲಿ ನಿಧಾನ ನಡೆಯುತ್ತಿದ್ದ. ಊರಲ್ಲಿ ನಮ್ಮ ಅಂಗಡಿ ಗುಡಿಸಿದ ಕಸವನ್ನೂ ಅಪ್ಪ ಎಸೆಯುತ್ತಿರಲಿಲ್ಲ. ಜಲಗಾರರು ಬಂದು ಕೊಂಡು ಹೋಗಿ, ತೊಳೆದು, ಚೂರುಪಾರು ಚಿನ್ನ ತೆಗೆಯುತ್ತಿದ್ದರು.

"ಇಲ್ಲೂ ಜಲಗಾರ ಇದ್ದಾನಲ್ಲೋ!" ಅಂದರು ಅಪ್ಪ.

ಕಾರು ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ ಕೊಡವಿದರು. ಬಿದ್ದ ಮರಳನ್ನು ಒಂದು ಸಲ ಬಗ್ಗಿ ನೋಡಿದರು.