ಊರಿಗೆ ಹೋದವರು ಅವರು, ಕಾಮಾಲೆ ಬಂದಿದ್ದು ನನಗೆ

ಬೇಸಿಗೆ ರಜೆಗೆ ಹೆಂಡತಿ, ನಾಲ್ಕು ವರ್ಷದ ಮಗಳು ಹಾಸನಕ್ಕೆ ಹೋಗಿದ್ದರು. ನನಗೆ ರಜೆ ಸಿಗದೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲೇ ಉಳಿದೆ. ಅವರು ವಾಪಸ್ ಬಂದು ತಿಂಗಳು ಕಳೆದಿತ್ತು. ನನಗೆ ಜ್ವರ, ವಿಪರೀತ ಸುಸ್ತು, ಅನ್ನ ಕಂಡರೆ ವಾಕರಿಕೆ. ಮೂತ್ರ ಕಾಫಿ ಡಿಕಾಕ್ಷನ್ ಥರ ಇತ್ತು. ಆಮೇಲೆ ಕಣ್ಣು ಹಳದಿ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಎ, ಅಂದರೆ ವೈರಸ್‌ನಿಂದ ಬರುವ ಒಂದು ಥರದ ಕಾಮಾಲೆ ಅಂತ ಬಂತು.

ಇದಕ್ಕೆ ಔಷಧಿ ಇಲ್ಲ, ಸುಮ್ನೆ ಮಲಗಿ ಅಂದರು ಡಾಕ್ಟರ್. ಅಮ್ಮ ಫೋನಿನಲ್ಲಿ, ‘ಕಿರುನೆಲ್ಲಿ ಅರೆದು ಮಜ್ಜಿಗೇಲಿ ಕುಡಿಯೋ’ ಅಂದಳು. ಐಂಡ್‌ಹೋವನ್‌ನಲ್ಲಿ ಕಿರುನೆಲ್ಲಿ ಎಲ್ಲಿ ಹುಡುಕಲಿ?

ನೆದರ್ಲೆಂಡ್ಸ್‌ನಲ್ಲಿ ಈ ಕಾಯಿಲೆ ಯಾರಿಗೆ ಬಂದರೂ ಸರ್ಕಾರಕ್ಕೆ ತಿಳಿಸಲೇಬೇಕು. ಹಾಗಾಗಿ ಆರೋಗ್ಯ ಇಲಾಖೆಯ ನರ್ಸ್ ಒಬ್ಬರು ಫೋನ್ ಮಾಡಿದರು. ವೈರಸ್ ಹೊಟ್ಟೆಗೆ ಹೋಗಿ ಕಾಯಿಲೆ ಕಾಣಿಸಲು 15ರಿಂದ 50 ದಿನ ಬೇಕಂತೆ. ಅಷ್ಟು ದಿನಗಳಲ್ಲಿ ಎಲ್ಲಿ ಹೋಗಿದ್ದಿರಿ, ಏನು ತಿಂದಿರಿ ಅಂತ ಕೇಳಿದರು. ಹಿಂದಿನ ವಾರದ ಊಟವೇ ನೆನಪಿಲ್ಲ ನನಗೆ! ಎಲ್ಲಿಗೂ ಹೋಗಿಲ್ಲ ಅಂದೆ. ದಿನಾ ಬೆಳಿಗ್ಗೆ ಮೊಸರಿಗೆ ಫ್ರೋಜನ್ ಬೆರ್ರಿ ಹಾಕಿಕೊಂಡು ತಿನ್ನುತ್ತಿದ್ದುದು ಮಾತ್ರ ಹೇಳಿದೆ. ಅವರು ತಕ್ಷಣ ಚುರುಕಾದರು. 2013-14ರಲ್ಲಿ ಯುರೋಪಿನಲ್ಲಿ ಇಂಥ ಬೆರ್ರಿಯಿಂದಲೇ ಸಾವಿರಕ್ಕೂ ಹೆಚ್ಚು ಜನರಿಗೆ ಕಾಮಾಲೆ ಹರಡಿತ್ತು.

ಊರಿಗೆ ಹೋಗಿ ಬಂದವರ ವಿಷಯ ಕೊನೆಗೆ ಬಂತು. ‘ಅವರಿಬ್ಬರೂ ಗಟ್ಟಿಮುಟ್ಟಾಗಿದ್ದಾರೆ’ ಅಂದೆ. ನರ್ಸ್ ಬರೆದುಕೊಂಡರು.

ನನ್ನ ರಕ್ತದ ಸ್ಯಾಂಪಲ್ ಬಿಲ್ಥೋವೆನ್‌ನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋಯಿತು. ಈ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ವಂಶವಾಹಿ ಬರಹ, ಸುಮಾರು 7,500 ಅಕ್ಷರಗಳದ್ದು. ಅದರಲ್ಲಿ 460ರಷ್ಟು ಅಕ್ಷರಗಳ ಒಂದು ತುಂಡನ್ನು ಓದಿ, ಬೇರೆ ರೋಗಿಗಳಲ್ಲಿ ಸಿಕ್ಕಿದ್ದರ ಜೊತೆ ಹೋಲಿಸುತ್ತಾರೆ. ಎಷ್ಟು ಕಡಿಮೆ ವ್ಯತ್ಯಾಸವೋ ಅಷ್ಟು ಹತ್ತಿರದ ನೆಂಟಸ್ತಿಕೆ. ಬೆರ್ರಿ ಗಲಾಟೆಯ ವೈರಸ್ ಐಎ (IA) ಅನ್ನುವ ತಳಿ ಗುಂಪಿನದು. ನನ್ನದು ಐಐಐಎ (IIIA). ಭಾರತದಲ್ಲಿ ಜಾಸ್ತಿ ಸಿಗುವುದು ಇದೇ. ಭಾರತಕ್ಕೆ ಹೋಗಿ ಬಂದು ಕಾಯಿಲೆ ಬಿದ್ದಿದ್ದವರ ವೈರಸ್‌ಗಳಿಗೆ ನನ್ನದು ತೀರಾ ಹತ್ತಿರ ಅಂತ ವರದಿ ಬಂತು.

ನರ್ಸ್ ಮತ್ತೆ ಫೋನ್ ಮಾಡಿ ಮಗಳ ರಕ್ತ ಪರೀಕ್ಷೆ ಮಾಡಿಸಿ ಅಂದರು. ಒಂದು ದಿನವೂ ಮಲಗದ, ಚಕ್ಕುಲಿ ಡಬ್ಬ ಖಾಲಿ ಮಾಡುತ್ತಿದ್ದ ಹುಡುಗಿ! ಅವಳಿಗೆ ಇತ್ತೀಚೆಗೆ ಸೋಂಕು ಬಂದು ಹೋಗಿತ್ತು. ಆರು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಲಕ್ಷಣವೇ ಇರುವುದಿಲ್ಲವಂತೆ. ಆದರೆ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ಅವಳನ್ನು ತೊಳೆಸುತ್ತಿದ್ದವನು ನಾನೇ ಅಲ್ವಾ.

ಹೆಂಡತಿಗೆ ಯಾಕೆ ಬರಲಿಲ್ಲ? ಅವಳ ರಕ್ತದಲ್ಲಿ ಹಳೇ ಸೋಂಕಿನ ಗುರುತಿತ್ತು. ಹಳ್ಳಿಯಲ್ಲಿ ಬೆಳೆದವಳು, ಚಿಕ್ಕಂದಿನಲ್ಲೇ ಗೊತ್ತಾಗದ ಹಾಗೆ ಬಂದು ಹೋಗಿದೆ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ನಾನು ಬೆಂಗಳೂರಿನಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದವನು. ಅಷ್ಟು ಜೋಪಾನ ಮಾಡಿದ್ದಕ್ಕೆ ಈ ವಯಸ್ಸಲ್ಲಿ ಹಾಸಿಗೆ ಹಿಡಿದೆ. ವಯಸ್ಸಾದಷ್ಟೂ ಈ ಕಾಯಿಲೆ ಹೆಚ್ಚು ಕಾಡುತ್ತದೆ.

ಅತ್ತೆಗೆ ಮಾತ್ರ ಬೇಜಾರಾಯಿತು. ‘ನಮ್ಮನೇಲಿ ಕಾಯಿಸದೆ ಒಂದು ಲೋಟ ನೀರು ಕೊಟ್ಟಿಲ್ಲ. ಆ ಮದುವೆ ಮನೆ ಜ್ಯೂಸೇ ಇರ್ಬೇಕು’ ಅಂದರು. ಹೆಂಡತಿಗೆ ಬಸ್‌ಸ್ಟ್ಯಾಂಡ್ ಹತ್ತಿರದ ಐಸ್‌ಕ್ಯಾಂಡಿ ಮೇಲೆ ಅನುಮಾನ. ನರ್ಸ್‌ನ ಕೇಳಿದೆ. ಜೀನೋಮ್ ಅಷ್ಟು ದೂರ ಹೇಳುವುದಿಲ್ಲ ಅಂದರು. ಆ ಜ್ಯೂಸಿನಲ್ಲೋ ಐಸಿನಲ್ಲೋ ವೈರಸ್ ಸಿಕ್ಕಿ, ಅದನ್ನೂ ಓದಿ ತಾಳೆ ನೋಡಿದ್ದರೆ ಗೊತ್ತಾಗುತ್ತಿತ್ತು. ಅಥವಾ ಅದೇ ಮದುವೆಗೆ ಹೋದ ಇನ್ನಷ್ಟು ಜನರಲ್ಲಿ ಇದೇ ವೈರಸ್ ಸಿಕ್ಕಿದ್ದರೆ ಒಂದು ಸುಳಿವಾಗುತ್ತಿತ್ತು.

ಇದನ್ನು ಅತ್ತೆಗೆ ಹೇಳಿದೆ. ಅವರು ಆಗಲೇ ಮದುವೆ ಮನೆಯವರಿಗೆಲ್ಲ ಫೋನ್ ಮಾಡಿ ಯಾರ ಕಣ್ಣು ಹಳದಿಯಾಗಿದೆ ಅಂತ ವಿಚಾರಿಸಲು ಶುರು ಮಾಡಿದ್ದರು.