ಕೈಯಲ್ಲಿ ಚೀಲ ಇದೆಯಾ ನೋಡು

ಹೋದ ತಿಂಗಳು ಒಂದು ಶನಿವಾರ ನನ್ನ ಹಳೇ ಮಾಲ್‌ಗೆ ಹೋಗಿದ್ದೆ. ನನ್ನ ಮಾಲ್ ಅಂದರೆ ನಗುತ್ತೀರೇನೋ. ಆದರೆ ಎರಡು ವರ್ಷ, ದಿನಕ್ಕೆ ಹತ್ತು ಗಂಟೆ ಅಲ್ಲೇ ನಿಂತಿದ್ದೇನೆ, ಮೂರನೇ ಮಹಡಿಯ ಒಂದು ಬ್ಯಾಗಿನ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಮುಂದಿನ ಸಾಲಿನಲ್ಲಿಟ್ಟ ಒಂದೊಂದು ಬ್ಯಾಗೂ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಅಂಥಾ ಅಂಗಡಿಗಳೇ ತುಂಬಿದ್ದ ಜಾಗ ಅದು. ನಗರದ ನಟ್ಟನಡುವೆ ಐದು ಮಹಡಿ, ಹೊಳೆಯುವ ನೆಲ, ಬಾಗಿಲು ತಳ್ಳಿದ ಕೂಡಲೇ ಮುಖಕ್ಕೆ ತಣ್ಣನೆ ಗಾಳಿ, ಜೊತೆಗೆ ಸೆಂಟಿನ ವಾಸನೆ. ಪಕ್ಕದ ಬೀದಿಯಲ್ಲಿ ಒಬ್ಬರ ಹತ್ತಿರ ಕಾಗದಪತ್ರಕ್ಕೆ ಸಹಿ ಹಾಕಿಸುವುದಿತ್ತು. ಬೇಗ ಮುಗಿಯಿತು, ಸುಮ್ನೆ ಒಳಗೆ ಹೊಕ್ಕೆ.

ಮೊದಲ ನೋಟಕ್ಕೆ ಎಲ್ಲಾ ಹಾಗೇ ಇದೆ. ಜನ ತುಂಬಿದ್ದಾರೆ. ಮಕ್ಕಳು ಓಡಾಡುತ್ತಿದ್ದಾರೆ, ಹುಡುಗ ಹುಡುಗಿಯರು ರೇಲಿಂಗ್‌ಗೆ ಒರಗಿ ಫೋಟೋ ತೆಗೆದುಕೊಳ್ಳುತ್ತಿದ್ದಾರೆ. ಮಾಲ್‌ಗಳ ಕಾಲ ಮುಗಿಯಿತು ಅಂತ ಬರೆಯುವವರೆಲ್ಲ ಸುಳ್ಳು ಹೇಳುತ್ತಾರೆ ಅನ್ನಿಸಿತು.

ಆದರೆ ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಮ್ಯಾನೇಜರ್ ಒಂದು ಮಾತು ಹೇಳಿದ್ದರು. "ಒಳಗೆ ಬರೋರ ಮುಖ ನೋಡ್ಬೇಡ, ಹೊರಗೆ ಹೋಗೋರ ಕೈ ನೋಡು. ಚೀಲ ಇದೆಯಾ, ಇಲ್ವಾ?" ಆ ಚಟ ಇನ್ನೂ ಬಿಟ್ಟಿಲ್ಲ. ಬಾಗಿಲ ಎದುರಿನ ಬೆಂಚಿನಲ್ಲಿ ಕೂತು ಎಣಿಸಲು ಶುರು ಮಾಡಿದೆ. ನೂರು ಜನ ಹೊರಗೆ ಹೋಗುವಷ್ಟರಲ್ಲಿ ಸಿಕ್ಕಿದ್ದು ಹದಿನಾರು ಚೀಲ. ಅದರಲ್ಲಿ ಎರಡು ಒಬ್ಬರದ್ದೇ. ಒಂದು ಮಧ್ಯಾಹ್ನದ ಲೆಕ್ಕದಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದರೂ ನಮ್ಮ ಕಾಲದ ಶನಿವಾರಗಳಲ್ಲಿ ಬರಿಗೈಯವರನ್ನು ಎಣಿಸುವುದೇ ಸುಲಭವಾಗಿತ್ತು.

ಮಾಲ್ ಅನ್ನುವುದಕ್ಕೆ ಈಗಿನ ರೂಪ ಕೊಟ್ಟವರು ವಿಕ್ಟರ್ ಗ್ರೂಯೆನ್, ವಿಯೆನ್ನಾದಿಂದ ಅಮೆರಿಕಕ್ಕೆ ವಲಸೆ ಹೋದ ಆರ್ಕಿಟೆಕ್ಟ್. ಮಿನ್ನೆಸೋಟಾದ ಸೌತ್‌ಡೇಲ್ ಅವರದ್ದೇ, 1956ರಲ್ಲಿ ತೆರೆದಿದ್ದು. ಪೂರ್ತಿ ಸೂರಿನ ಕೆಳಗೆ, ಏಸಿ ಹಾಕಿ, ಅಂಗಡಿಗಳೆಲ್ಲ ಒಳಮುಖ. ಜನ ಬಂದು ಕೂತು ಹರಟೆ ಹೊಡೆಯುವ, ಊರಿನ ಚೌಕದಂಥ ಜಾಗ ಆಗಲಿ ಅನ್ನುವುದು ಅವರ ಆಸೆ. ಅದು ಬರೀ ಮಾರಾಟದ ಯಂತ್ರ ಆಯಿತು ಅಂತ ಆಮೇಲೆ ಬೇಸತ್ತರು. ವಿಯೆನ್ನಾಗೆ ವಾಪಸಾದ ಮೇಲೆ, ಇದು ನನ್ನ ಕೂಸೇ ಅಲ್ಲ ಅನ್ನುವ ಹಾಗೆ ಕೈತೊಳೆದುಕೊಂಡರು. ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿದ್ದ ಆ ಎಂಬತ್ತೈದು ಜನರನ್ನು ನೋಡಿದ್ದರೆ ಅವರಿಗೆ ಖುಷಿಯೇ ಆಗುತ್ತಿತ್ತೇನೋ. ಬಾಡಿಗೆ ಕಟ್ಟೋರಿಗೆ ಮಾತ್ರ ಆಗಲ್ಲ.

ಮೇಲೆ ಹೋದೆ. ಇಂಥ ಮಾಲ್‌ಗಳಲ್ಲಿ ಹತ್ತುವ ಎಸ್ಕಲೇಟರ್ ಒಂದು ತುದಿಯಲ್ಲಿದ್ದರೆ ಮುಂದಿನ ಮಹಡಿಗೆ ಹತ್ತುವುದು ಇನ್ನೊಂದು ತುದಿಯಲ್ಲಿರುವುದು ಸಾಮಾನ್ಯ. ಬೇಕಂತಲೇ ಹಾಗೆ, ನಾಲ್ಕು ಅಂಗಡಿ ದಾಟಿಕೊಂಡೇ ಹೋಗಲಿ ಅಂತ. ಆವತ್ತು ದಾಟಿದ್ದು ಅಂಗಡಿಗಿಂತ ಬೋರ್ಡುಗಳೇ ಜಾಸ್ತಿ. ಎರಡನೇ ಮಹಡಿಯಲ್ಲಿ ದೊಡ್ಡ ದೊಡ್ಡ ಹೂವಿನ ಚಿತ್ರ ಅಂಟಿಸಿದ ಗೋಡೆ, "ಹೊಸತೊಂದು ಬರಲಿದೆ". ಹತ್ತು ಹೆಜ್ಜೆ ಆಚೆ ನಗುವ ಹುಡುಗಿಯ ಚಿತ್ರ, "ಹೊಸತೊಂದು ಬರಲಿದೆ". ದುಬಾರಿ ಮಾಲ್ ಅಲ್ವಾ, ಖಾಲಿ ಅಂಗಡಿಗೂ ಮೇಕಪ್ ಮಾಡುತ್ತಾರೆ. ಹೂವಿನ ಅಂಚಿನ ಅಂಟು ಬಿಟ್ಟು ಸುರುಳಿ ಸುತ್ತಿಕೊಂಡಿತ್ತು. ಆ ಹೊಸತು ಬರುವುದು ಸ್ವಲ್ಪ ತಡವಾಗಿದೆ ಅಂತ ಗೊತ್ತಾಗುತ್ತಿತ್ತು.

ಮೂರನೇ ಮಹಡಿ. ನಮ್ಮ ಅಂಗಡಿ ಇಲ್ಲ. ಇರಲ್ಲ ಅಂತ ಗೊತ್ತಿತ್ತು. ಆದರೆ ಹೆಸರು ಇತ್ತು! ಅಂದರೆ ಅಕ್ಷರಗಳನ್ನು ಕಿತ್ತಿದ್ದಾರೆ, ಅವು ಇದ್ದ ಜಾಗ ಮಾತ್ರ ಗೋಡೆಯ ಮೇಲೆ ತಿಳಿಯಾಗಿ ಉಳಿದಿದೆ, ಸುತ್ತಲಿನ ಬಣ್ಣ ಮಾಸಿದೆ. ಪ್ರತಿ ಅಕ್ಷರಕ್ಕೆ ನಾಲ್ಕು ಮೊಳೆಯ ತೂತು. ಮುಚ್ಚಿದ ಮಾಲ್‌ಗಳ ಫೋಟೋ ತೆಗೆಯುತ್ತಾ ಅಲೆಯುವ ಹುಚ್ಚು ಕೆಲವರಿಗಿದೆ. ಅವರು ಇದನ್ನು ಲೇಬಲ್ ಸ್ಕಾರ್ ಅನ್ನುತ್ತಾರೆ, ಹೆಸರಿನ ಗಾಯದ ಗುರುತು. ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದೆ. ನನ್ನ ಕೌಂಟರ್ ಇದ್ದ ಕಡೆ ನೆಲದಲ್ಲಿ ಒಂದು ಚೌಕ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಅದರ ಮುಂದೆ, ನಾವು ನಿಲ್ಲುತ್ತಿದ್ದಲ್ಲಿ, ನೆಲ ಸವೆದು ಮಂಕಾಗಿತ್ತು.

ನಾಲ್ಕನೇ ಮಹಡಿಗೆ ಹೋಗುವ ಎಸ್ಕಲೇಟರ್ ನಿಂತಿತ್ತು. ನಿಂತ ಎಸ್ಕಲೇಟರ್ ಹತ್ತಿದ್ದೀರಾ? ಮೊದಲ ಹೆಜ್ಜೆಗೇ ಮುಗ್ಗರಿಸಿದ ಹಾಗಾಗುತ್ತದೆ. ಅದು ಓಡುತ್ತಿಲ್ಲ ಅಂತ ಕಣ್ಣಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಅರ್ಧಕ್ಕೇ ವಾಪಸ್ ಇಳಿದೆ.

ಕೆಳಗೆ ಒಂದು ಅಂಗಡಿಯಿಂದ ಯಾರೋ ಹೆಸರು ಹಿಡಿದು ಕೂಗಿದರು. ನೋಡಿದರೆ ನಮ್ಮ ಅಕ್ಕ! ಸ್ವಂತ ಅಕ್ಕ ಅಲ್ಲ. ನನಗಿಂತ ಎಂಟು ವರ್ಷ ದೊಡ್ಡವರು, ಬಿಲ್ಲಿಂಗ್ ಮಾಡುವುದು ಕಲಿಸಿಕೊಟ್ಟವರು. ಈಗ ಇಲ್ಲೊಂದು ಚಪ್ಪಲಿ ಅಂಗಡಿಗೆ ಮ್ಯಾನೇಜರ್. ಗಿರಾಕಿ ಇರಲಿಲ್ಲ, ಟ್ರಯಲ್ ನೋಡುವ ಸ್ಟೂಲಿನ ಮೇಲೆ ಕೂರಿಸಿದರು.

"ಎಲ್ಲಾ ಆನ್‌ಲೈನ್ ತಿಂದುಹಾಕ್ತು ಅಲ್ವಾ ಅಕ್ಕಾ?" ಅಂದೆ.

"ಅದೊಂದೇ ಅಂದ್ರೆ ನಾನು ಒಪ್ಪಲ್ಲ," ಅಂದರು. "ಮೊದ್ಲು ಹೋಗಿದ್ದು ಆ ತುದಿಯ ದೊಡ್ಡ ಅಂಗಡಿ. ಆಮೇಲೆ ಒಬ್ಬೊಬ್ರೇ."

ಅವರ ಮಾತಿನಲ್ಲಿ ಹುರುಳಿದೆ. ಆನ್‌ಲೈನ್ ವ್ಯಾಪಾರ ಅಷ್ಟು ಬೆಳೆದ ಅಮೆರಿಕದಲ್ಲೂ 2024ರಲ್ಲಿ ಅದರ ಪಾಲು ಒಟ್ಟು ಚಿಲ್ಲರೆ ಮಾರಾಟದಲ್ಲಿ ನೂರಕ್ಕೆ 16ರ ಆಸುಪಾಸು ಅಷ್ಟೇ. ಆದರೆ ಮಾಲ್ ನಿಂತಿರುವುದು ಆಂಕರ್ ಅನ್ನುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಮೇಲೆ. ಜನರನ್ನು ಎಳೆದು ತರುತ್ತಾರೆ ಅಂತ ಅವರಿಗೆ ಬಾಡಿಗೆ ತೀರಾ ಕಡಿಮೆ. ಹಾಗೆ ಬಂದ ಜನರಿಂದ ಬದುಕುವ ಸಣ್ಣ ಅಂಗಡಿಗಳು ಚದರಡಿಗೆ ಜಾಸ್ತಿ ಕೊಡುತ್ತವೆ. ಆಂಕರ್ ಹೋದರೆ ಬಾಡಿಗೆ ಇಳಿಸಬೇಕು, ಇಲ್ಲದಿದ್ದರೆ ನಾವೂ ಬಿಡಬಹುದು ಅಂತ ಎಷ್ಟೋ ಅಂಗಡಿಗಳ ಲೀಸ್‌ನಲ್ಲಿ ಒಂದು ಷರತ್ತೇ ಇರುತ್ತದೆ. ಅಲ್ಲಿಗೆ ಒಂದು ದಾರ ಎಳೆದರೆ ಇಡೀ ಹೊಲಿಗೆ ಬಿಚ್ಚಿದ ಹಾಗೆ. ಅಲ್ಲಿನ ಇಂಥದೇ ದೊಡ್ಡ ಸ್ಟೋರ್ ಸಿಯರ್ಸ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು, ನೀಮನ್ ಮಾರ್ಕಸ್‌ನಂಥ ಶ್ರೀಮಂತರ ಅಂಗಡಿಯೂ 2020ರಲ್ಲಿ ಹಾಕಿತು. ಸ್ಯಾನ್ ಫ್ರಾನ್ಸಿಸ್ಕೋ ಸೆಂಟರ್ ಅನ್ನುವ ಮಾಲ್ 1988ರಲ್ಲಿ ತೆರೆದಾಗ ಅದರ ಬಾಗಿದ ಎಸ್ಕಲೇಟರ್ ನೋಡಲಿಕ್ಕೇ ಜನ ಬರುತ್ತಿದ್ದರು. 2023ರಲ್ಲಿ ಅದರ ಮೇಲಿನ ಮಹಡಿಗಳಲ್ಲಿದ್ದ ಆಂಕರ್ ಅಂಗಡಿ ನಾರ್ಡ್‌ಸ್ಟ್ರಾಮ್ ಮುಚ್ಚಿತು, ಅದೇ ವರ್ಷ ಮಾಲಿನ ಮಾಲೀಕರು ಸಾಲದ ಕಂತು ಕಟ್ಟುವುದನ್ನೂ ನಿಲ್ಲಿಸಿದರು. ದುಬಾರಿ ಮಾಲ್‌ಗಳಿಗೆ ಏನೂ ಆಗಲ್ಲ, ಬಡ ಮಾಲ್‌ಗಳೇ ಸಾಯೋದು ಅಂತ ನಂಬಿದ್ದೆ. ಬಹಳಷ್ಟು ಮಟ್ಟಿಗೆ ಅದು ನಿಜವೂ ಹೌದು. ಪೂರ್ತಿ ಅಲ್ಲ.

ಅಕ್ಕನ ನಿಜವಾದ ಸಿಟ್ಟು ಬೇರೆ ಕಡೆ ಇತ್ತು. ಅವರ ಅಂಗಡಿಗೆ ಬಾಡಿಗೆಯ ಜೊತೆ ಮಾರಾಟದಲ್ಲೂ ಪಾಲು ಕೊಡಬೇಕು, ಹಾಗಾಗಿ ತಿಂಗಳು ತಿಂಗಳು ಮಾಲ್ ಆಫೀಸಿಗೆ ಮಾರಾಟದ ಲೆಕ್ಕ ಒಪ್ಪಿಸುತ್ತಾರೆ. ಗಿರಾಕಿ ಇಲ್ಲಿ ಬಂದು ಐದು ಜೋಡಿ ಹಾಕಿ ನೋಡಿ, ಸೈಜ್ ಗೊತ್ತು ಮಾಡಿಕೊಂಡು, ಮನೆಗೆ ಹೋಗಿ ಇದೇ ಕಂಪನಿಯ ಆ್ಯಪ್‌ನಲ್ಲಿ ತರಿಸಿದರೆ ಆ ಮಾರಾಟ ಅಂಗಡಿಯ ಲೆಕ್ಕಕ್ಕೆ ಬರಲ್ಲ. ಇಷ್ಟ ಆಗದೆ ತಂದು ವಾಪಸ್ ಕೊಟ್ಟರೆ ಮಾತ್ರ ಇವರ ಲೆಕ್ಕದಲ್ಲೇ ಕಳೆಯುತ್ತಾರಂತೆ.

"ಮೊನ್ನೆ ಸೋಮವಾರ ದಿನದ ಲೆಕ್ಕ ಮೈನಸ್ ಬಂತು ಕಣೋ," ಅಂದರು. "ಇಡೀ ದಿನ ನಿಂತು ಕೆಲಸ ಮಾಡಿದ್ದೀನಿ, ಮಾರಾಟ ಸೊನ್ನೆಗಿಂತ ಕೆಳಗೆ! ಬರೀ ವಾಪಸ್ ತಗೊಂಡಿದ್ದೇ ಆಯ್ತು."

ಹೇಳುವಾಗ ಅವರಿಗೇ ನಗು ಬಂತು. ನನಗೂ ಬಂತು. ಲೀಸ್ ಇನ್ನು ಏಳು ತಿಂಗಳಿದೆ, ಆಮೇಲೆ ಕಂಪನಿ ಏನು ಹೇಳುತ್ತೋ ಗೊತ್ತಿಲ್ಲ. ಮೇಲಿನ ಎರಡು ಮಹಡಿಯನ್ನು ಆಫೀಸುಗಳಿಗೆ ಕೊಡುತ್ತಾರಂತೆ, ಜಿಮ್ ಬರುತ್ತಂತೆ, ಹೀಗೆ ಮಾತು. ಜಿಮ್‌ಗೆ ಬಂದೋರು ಚಪ್ಪಲಿ ಕೊಳ್ತಾರಾ ಅಂತ ಕೇಳಿದೆ. "ಬೆವರು ಸುರಿಸ್ಕೊಂಡು ಸೀದಾ ಮನೆಗೆ ಹೋಗ್ತಾರೆ," ಅಂದರು.

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದರು. ಅಕ್ಕನ ಬೆನ್ನು ತಾನಾಗಿ ನೆಟ್ಟಗಾಯಿತು, ದನಿ ಬದಲಾಯಿತು, ಅದೇ ಹಳೇ ನಗು. ನಾನು ಎದ್ದೆ. ಹೊರಗೆ ಮಳೆ ಶುರುವಾಗಿತ್ತು. ಕೈಯಲ್ಲಿದ್ದ ಕಾಗದಗಳು ಒದ್ದೆಯಾಗುತ್ತವೆ ಅಂತ ಅವರು ಗಿರಾಕಿಗಳ ಜೊತೆ ಮಾತಾಡುತ್ತಲೇ ಕೌಂಟರ್ ಕೆಳಗಿಂದ ಒಂದು ದಪ್ಪ ಕಾಗದದ ಚೀಲ ಎಳೆದು ನನ್ನ ಕಡೆ ಚಾಚಿದರು. ರಿಬ್ಬನ್ ಹಿಡಿಕೆ, ಮೇಲೆ ಬಂಗಾರದ ಬಣ್ಣದಲ್ಲಿ ಕಂಪನಿ ಹೆಸರು. ಒಳಗೆ ನನ್ನ ಸಹಿಯಾದ ಕಾಗದಗಳು.

ಬಾಗಿಲು ದಾಟುವಾಗ ಆ ಬೆಂಚಿನ ಕಡೆ ಒಮ್ಮೆ ನೋಡಿದೆ. ಅಲ್ಲಿ ಇನ್ಯಾರಾದರೂ ಕೂತು ಎಣಿಸುತ್ತಿದ್ದರೆ ನನ್ನನ್ನೂ ಕೊಂಡವರ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತಿದ್ದರು.